ಕಿಡಕಿ ತೆಗೀರಿ, ಹುಡುಗ್ರು ಮಲಗ್ಯಾರ

ಬಹಳ ದಿನಗಳಾದವು ಇಲ್ಲಿ ಏನೂ ಬರೆಯದೆ. ಬ್ಲಾಗಿಗೆ ಜೇಡ ಬಲೆ ಕಟ್ಟಿದೆ :) ಇವತ್ತು ಬರೆಯಲೇಬೇಕು ಅನ್ನಿಸಿದ್ದಕ್ಕೆ ಕಾರಣ ಒಂದು ಹಾಸ್ಟೆಲ್ಲಿನ ಖೋಲಿ.

ಕಳೆದ ಏಪ್ರಿಲ್‌ನಲ್ಲಿ ಊರಿಗೆ ಹೋಗಿದ್ದೆ. ಊರು ಅಂದರೆ ತುಳಸಿಗೇರಿ. ಬಾಗಲಕೋಟೆ ತಾಲೂಕಿನಲ್ಲಿ, ಕಲಾದಗಿ ಬಗಲಿಗೆ. ಹನುಮಪ್ಪನ ಭಕ್ತರಿಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳಿದೆ. ವಾಪಸ್ಸು ಹೊರಡುವ ದಿನ ಅಕ್ಕ ಬುತ್ತಿ ಕಟ್ಟಿಟ್ಟಿದ್ದಳು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಮಾದಲಿ. ನನಗಲ್ಲ.

"ಹೆಂಗೂ ಆ ಕಡೆನ ಹೊಂಟೀದಿ, ನಿನ್ನ ಅಳಿಯಗ ಕೊಟ್ಟು ಹೋಗು. ಫೋನ್ ಮಾಡಿದ್ರ ಬರೇ ತಲಿ ನೋಯ್ತೈತಿ, ನಿದ್ದಿ ಬರ್ತೈತಿ ಅಂತಾನ. ಓದಾಕ ಕಳ್ಳಾಟ ಆಡಾಕತ್ತಾನೋ ಏನೋ, ಒಂದೀಟು ನೋಡು" ಅಂದಳು.

ಅಳಿಯ ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಸಿ ಸಿಇಟಿ, ನೀಟ್ ಅಂತ ಹಾಸ್ಟೆಲ್ಲಿನಲ್ಲೇ ಉಳಿದಿದ್ದ. ಹಾಸ್ಟೆಲ್ಲು ನಮ್ಮ ಜಿಲ್ಲೆಯದೇ. ಯಾವ ಊರು, ಯಾವ ಹಾಸ್ಟೆಲ್ಲು ಅಂತ ಬರೆಯುವುದಿಲ್ಲ. ಬರೆದರೆ ಆ ಒಬ್ಬರು ಬೈಸಿಕೊಳ್ಳುತ್ತಾರೆ, ಉಳಿದವರೆಲ್ಲ 'ಸದ್ಯ, ನಮ್ಮದಲ್ಲ' ಅಂತ ಹಾಯಾಗಿರುತ್ತಾರೆ.

ನಾನು ಹೋದಾಗ ರಾತ್ರಿ ಒಂಬತ್ತಾಗಿತ್ತು. ಹೊರಗೆ ಅಂಗಳದಲ್ಲಿ ಸಣ್ಣಗೆ ಗಾಳಿ ಇತ್ತು. ಏಪ್ರಿಲ್ ತಿಂಗಳಲ್ಲಿ ನಮ್ಮ ಕಡೆ ಹಗಲು 40 ಡಿಗ್ರಿ ದಾಟಿದರೂ ರಾತ್ರಿ ಹೊರಗೆ ಕೂತರೆ ಜೀವ ತಣ್ಣಗಾಗುತ್ತದೆ. ಖೋಲಿಯ ಬಾಗಿಲು ತೆಗೆದೆ ನೋಡಿ... ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗಾಯಿತು. ಬೆವರು, ಒದ್ದೆ ಟವೆಲ್ಲು, ಸೊಳ್ಳೆ ಕಾಯಿಲ್ಲಿನ ಹೊಗೆ, ಕೊಬ್ಬರಿ ಎಣ್ಣೆ ಎಲ್ಲ ಕಲಸಿದ ಒಂದು ವಾಸನೆ. ಹಾಸ್ಟೆಲ್ಲಿನಲ್ಲಿ ಇದ್ದವರಿಗೆ ಆ ವಾಸನೆ ಗೊತ್ತು, ಇಪ್ಪತ್ತು ವರ್ಷ ಬಿಟ್ಟು ಮೂಗಿಗೆ ಬಂದರೂ ಗುರುತು ಸಿಗುತ್ತದೆ. ಒಳಗೆ ಏಳು ಡಬ್ಬಲ್ ಕಾಟು. ಹದಿನಾಲ್ಕು ಹುಡುಗರು. ಎರಡು ಫ್ಯಾನು. ಎರಡು ಕಿಟಕಿ, ಎರಡೂ ಮುಚ್ಚಿದ್ದವು. ಒಂದಕ್ಕೆ ಕಾಟು ಅಡ್ಡ, ಅದರ ಮೇಲೆ ಟ್ರಂಕು. ಇನ್ನೊಂದರ ಗಾಜಿನ ಬಾಗಿಲಿಗೆ ಸ್ಕ್ರೂ ಹೊಡೆದಿದ್ದರು!

"ಕಿಡಕಿ ಯಾಕಲೇ ಮುಚ್ಚೀರಿ?"

"ಗುಂಗಾಡ ಬರ್ತಾವ್ರಿ ಮಾಮಾ."

"ಮತ್ತ ಈ ಕುದ್ಯಾಗ ಹೆಂಗ ಮಕ್ಕೋತೀರಿ?"

"ರೂಢಿ ಆಗೈತ್ರಿ."

ಹದಿನೇಳು ವರ್ಷದ ಹುಡುಗ. ರೂಢಿ ಆಗೈತಿ ಅಂತಾನೆ. ಆ ಮಾತು ಈ ಬರಹ ಬರೆಸುತ್ತಿದೆ. ಯಾಕೆಂದರೆ ಅವನ ವಯಸ್ಸಿನಲ್ಲಿ ನಾನೂ ಅದನ್ನೇ ಹೇಳಿದ್ದೆ, ನಮ್ಮಪ್ಪ ಅದನ್ನು ಕೇಳಿ ಹೆಮ್ಮೆಪಟ್ಟಿದ್ದ.

ನನ್ನ ಬ್ಯಾಗಿನಲ್ಲಿ ಒಂದು ಸಣ್ಣ ಡಿಜಿಟಲ್ ಉಷ್ಣಮಾಪಕ ಇರುತ್ತದೆ. ಮನೆಯಲ್ಲಿ ಗಿಡಗಳಿಗೆ ಅಂತ ಆನ್‌ಲೈನಿನಲ್ಲಿ ತರಿಸಿದ್ದು. (ಹೆಂಡತಿ ಇದನ್ನು ನನ್ನ ಹುಚ್ಚುಗಳ ಪಟ್ಟಿಯಲ್ಲಿ ಸೇರಿಸಿದ್ದಾಳೆ.) ಅದನ್ನು ಮೇಲಿನ ಕಾಟಿನ ಮೇಲೆ ಅರ್ಧ ಗಂಟೆ ಇಟ್ಟೆ. 37 ಡಿಗ್ರಿ ತೋರಿಸಿತು. ಅದನ್ನೇ ಹೊರಗೆ ಪಡಸಾಲೆಯಲ್ಲಿ ಇಟ್ಟರೆ 32. ನಡುವೆ ಇದ್ದದ್ದು ಒಂದು ಗೋಡೆ, ಸ್ಕ್ರೂ ಹೊಡೆದ ಒಂದು ಕಿಟಕಿ.

ರಾತ್ರಿ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಮೊಬೈಲಿನಲ್ಲೇ ಲೆಕ್ಕ ಹಾಕುತ್ತಾ ಕೂತೆ. ನಿಮಗೂ ಹೇಳುತ್ತೇನೆ, ಲೆಕ್ಕ ಅಂದರೆ ಓಡುವವರು ಎರಡು ಪ್ಯಾರಾ ಹಾರಿಸಿ :)

ಖೋಲಿ ಸುಮಾರು 20 ಅಡಿ ಉದ್ದ, 15 ಅಡಿ ಅಗಲ, 10 ಅಡಿ ಎತ್ತರ. 3,000 ಘನ ಅಡಿ, ಅಂದರೆ ಸುಮಾರು 85 ಘನ ಮೀಟರ್ ಗಾಳಿ. ಮಲಗಿದ ಮನುಷ್ಯ ಗಂಟೆಗೆ ಹೆಚ್ಚುಕಡಿಮೆ 12 ಲೀಟರ್ ಇಂಗಾಲದ ಡೈಆಕ್ಸೈಡ್ ಉಸಿರಿನಲ್ಲಿ ಬಿಡುತ್ತಾನೆ. ಹದಿನಾಲ್ಕು ಹುಡುಗರು ಅಂದರೆ 168 ಲೀಟರ್. ಹೊರಗಿನ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷ ಭಾಗಕ್ಕೆ 420ರಷ್ಟು ಇರುತ್ತದೆ. ಪೂರ್ತಿ ಮುಚ್ಚಿದ ಆ ಖೋಲಿಯಲ್ಲಿ ಒಂದೇ ಗಂಟೆಗೆ ಅದಕ್ಕೆ ಇನ್ನೂ ಸುಮಾರು 2,000 ಸೇರುತ್ತದೆ. ಬಾಗಿಲ ಸಂದಿಯಿಂದ ಒಂದಿಷ್ಟು ಗಾಳಿ ಆಡುವುದರಿಂದ ಲೆಕ್ಕದಷ್ಟು ಏರುವುದಿಲ್ಲ, ನಿಜ. ಆದರೆ ಮಲಗುವುದು ಒಂದು ಗಂಟೆಯಲ್ಲವಲ್ಲ, ಏಳು ಗಂಟೆ. ಇಷ್ಟು ಪ್ರಮಾಣದ ಇಂಗಾಲದ ಡೈಆಕ್ಸೈಡ್ ವಿಷವೇನೂ ಅಲ್ಲ, ಹೆದರಿಸುತ್ತಿಲ್ಲ. ಅದು ಒಂದು ಅಳತೆ ಮಾತ್ರ: ಒಬ್ಬ ಬಿಟ್ಟ ಉಸಿರನ್ನು ಇನ್ನೊಬ್ಬ ಎಷ್ಟು ಸಲ ಎಳೆಯುತ್ತಿದ್ದಾನೆ ಅನ್ನುವುದರ ಅಳತೆ. ನೆಗಡಿ, ಕೆಮ್ಮು ಒಬ್ಬನಿಗೆ ಬಂದರೆ ವಾರದೊಳಗೆ ಇಡೀ ಖೋಲಿಗೆ ಬರುವುದು ಇದೇ ದಾರಿಯಿಂದ. ಕ್ಷಯದ ಕ್ರಿಮಿಗೂ ಇದಕ್ಕಿಂತ ಒಳ್ಳೆಯ ದಾರಿ ಬೇಕಿಲ್ಲ.

ಇನ್ನು ಶಾಖ. ಮಲಗಿದ ಮೈ 70-80 ವ್ಯಾಟ್ ಬಿಸಿ ಹೊರಗೆ ಹಾಕುತ್ತದೆ. ಹದಿನಾಲ್ಕು ಮೈ ಸೇರಿದರೆ ಒಂದು ಸಾವಿರ ವ್ಯಾಟ್. ಏಪ್ರಿಲ್ ತಿಂಗಳಲ್ಲಿ ಖೋಲಿಯ ನಡುವೆ ಒಂದು ಕರೆಂಟ್ ಒಲೆ ಹಚ್ಚಿಟ್ಟು ಮಲಗಿದ ಹಾಗೆ. ಉಸಿರು, ಬೆವರು ಸೇರಿ ಬೆಳಗಿನೊಳಗೆ ನಾಲ್ಕು ಲೀಟರಿನಷ್ಟು ನೀರು ಆವಿಯಾಗಿ ಗಾಳಿಗೆ ಸೇರಿರುತ್ತದೆ. ಒಗೆದ ಬಟ್ಟೆಯನ್ನೂ ಕಾಟಿನ ಸರಳಿಗೇ ಹಾಕಿರುತ್ತಾರಲ್ಲ, ಅದು ಬೇರೆ. ಮೂಲೆಯ ಗೋಡೆಗೆ ಕಪ್ಪು ಬೂಷ್ಟು ಹಿಡಿಯದೆ ಇನ್ನೇನಾಗುತ್ತದೆ?

ಇಷ್ಟಕ್ಕೇ ಮುಗಿಯಲಿಲ್ಲ. ತಲೆಯ ಮೇಲಿನ ಆರ್‌ಸಿಸಿ ಸ್ಲ್ಯಾಬು ಇಡೀ ದಿನ ಬಿಸಿಲು ಕುಡಿದಿರುತ್ತದೆ. ಆ ಕಾವು ಕಾಂಕ್ರೀಟಿನ ಮೂಲಕ ಕೆಳಗಿಳಿಯಲು ನಾಲ್ಕೈದು ತಾಸು ಬೇಕು. ಹೀಗಾಗಿ ಮಧ್ಯಾಹ್ನದ ಬಿಸಿಲು ಸಂಜೆ ಆರೇಳಕ್ಕೆ ಸೂರಿನಿಂದ ಇಳಿಯಲು ಶುರುವಾಗಿ ನಡುರಾತ್ರಿವರೆಗೂ ಇಳಿಯುತ್ತಲೇ ಇರುತ್ತದೆ. ಮೇಲಿನ ಕಾಟಿನವನ ಮುಖಕ್ಕೂ ಸ್ಲ್ಯಾಬಿಗೂ ನಾಲ್ಕೈದು ಅಡಿ ಅಂತರ. ಫ್ಯಾನು ಹಾಕಿದರೆ? ಫ್ಯಾನು ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ಮೈಬೆವರು ಆರಿಸಿ ತಂಪು ಅನ್ನಿಸುವ ಹಾಗೆ ಮಾಡುತ್ತದೆ, ಅಷ್ಟೇ. ಗಾಳಿಯೇ ಮೈಗಿಂತ ಬಿಸಿಯಾದಾಗ ಸೂರಿನಡಿಯ ಕಾವನ್ನೇ ಕೆಳಗೆ ತಳ್ಳುತ್ತದೆ.

ಕಾಯಿಲ್ಲಿನ ಮಾತು ಹೇಳದಿದ್ದರೆ ತಪ್ಪಾದೀತು. ಸೊಳ್ಳೆ ಬರಬಾರದು ಅಂತ ಕಿಟಕಿ ಮುಚ್ಚುತ್ತಾರೆ. ಬಾಗಿಲಿನಿಂದ ಬಂದೇ ಬರುತ್ತವೆ. ಆಮೇಲೆ ಮುಚ್ಚಿದ ಖೋಲಿಯಲ್ಲಿ ಕಾಯಿಲ್ಲು ಹಚ್ಚುತ್ತಾರೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಒಂದು ಕಾಯಿಲ್ಲು ಪೂರ್ತಿ ಉರಿದರೆ 75ರಿಂದ 137 ಸಿಗರೇಟು ಸುಟ್ಟಷ್ಟು ಸೂಕ್ಷ್ಮ ಕಣಗಳು ಗಾಳಿಗೆ ಸೇರುತ್ತವೆ. ಹಾಸ್ಟೆಲ್ಲಿನಲ್ಲಿ ಒಬ್ಬ ಹುಡುಗ ಬೀಡಿ ಸೇದಿ ಸಿಕ್ಕಿಬಿದ್ದರೆ ಅವರಪ್ಪನನ್ನು ಕರೆಸುತ್ತೇವೆ. ಕಾಯಿಲ್ಲನ್ನು ನಾವೇ ಡಜನ್ ಲೆಕ್ಕದಲ್ಲಿ ಕೊಡಿಸಿ ಬರುತ್ತೇವೆ. ನಾನೂ ಕೊಡಿಸಿದ್ದೇನೆ.

ಈಗ ನನ್ನ ಹಾಸ್ಟೆಲ್ಲಿನ ಕಥೆ.

ನಮ್ಮದು ಪತ್ರಾಸಿನ ಸೂರು. ಉದ್ದನೆಯ ಹಾಲು, ಕಾಟು ಗೀಟು ಏನೂ ಇಲ್ಲ, ಸಾಲಾಗಿ ಚಾಪೆ, ಕೌದಿ. ನಮ್ಮೂರಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಕಲ್ಲಿನ ದಪ್ಪ ಗೋಡೆ, ತೊಲೆ, ಜಂತೆ, ಅದರ ಮೇಲೆ ಮೊಳದಷ್ಟು ಮಣ್ಣು, ನಡುವೆ ಒಂದು ಬೆಳಕಿಂಡಿ. ಬಿಸಿ ಗಾಳಿ ಬೆಳಕಿಂಡಿಯಿಂದ ಮೇಲೆ ಹೋಗುತ್ತಿತ್ತು. ಮಧ್ಯಾಹ್ನ ಹೊಲದಿಂದ ಬಂದವರು ಪಡಸಾಲೆಯಲ್ಲಿ ಅಡ್ಡಾದರೆ ಫ್ಯಾನಿಲ್ಲದೆ ಗೊರಕೆ ಹೊಡೆಯುತ್ತಿದ್ದರು. ಬೇಸಿಗೆಯ ರಾತ್ರಿ ಎಲ್ಲರೂ ಮಾಳಿಗೆ ಮೇಲೆ. ಅಂಥ ಮನೆಯಿಂದ ಓದಲಿಕ್ಕೆ ಅಂತ ಪತ್ರಾಸಿನ ಕೆಳಗೆ ಹೋದೆ. ಹಗಲು ಕಾವಲಿ, ಮಳೆಗಾಲದಲ್ಲಿ ನಗಾರಿ, ಡಿಸೆಂಬರಿನ ನಸುಕಿನಲ್ಲಿ ಮಂಜುಗಡ್ಡೆ. ಚಳಿಗೆ ಕಿಟಕಿ ಸಂದಿಗೆಲ್ಲ ಹಳೇ ಪೇಪರು ತುರುಕಿದ್ದೆವು. ಬೇಸಿಗೆ ಬಂದರೂ ಆ ಪೇಪರು ಯಾರೂ ತೆಗೆಯಲಿಲ್ಲ.

ನನ್ನ ಬಗಲಿಗೆ ಮಲಗುತ್ತಿದ್ದವನನ್ನು ನಾವು ಕುಂಭಕರ್ಣ ಅಂತ ಕರೆಯುತ್ತಿದ್ದೆವು. ಮೂಲೆಯ ಜಾಗ ಅವನದು, ಸೂರು ಅಲ್ಲಿ ತೀರಾ ಇಳಿಜಾರು, ಕಿಟಕಿ ದೂರ. ರಾತ್ರಿ ನಾಲ್ಕು ಸಲ ಎದ್ದು ಹೋಗಿ ತಲೆಗೆ ನೀರು ಹಾಕಿಕೊಂಡು ಬರುತ್ತಿದ್ದ. ಮುಂಜಾನೆ ಮೊದಲ ಪಿರಿಯಡ್ಡಿಗೇ ತೂಕಡಿಸುತ್ತಿದ್ದ. ಲೆಕ್ಚರರು ನಿಲ್ಲಿಸುತ್ತಿದ್ದರು, ನಿಂತಲ್ಲೇ ತೂಕಡಿಸುತ್ತಿದ್ದ, ಕ್ಲಾಸು ಗೊಳ್ಳೆನ್ನುತ್ತಿತ್ತು. ನಾನೂ ನಕ್ಕಿದ್ದೇನೆ, ಎಲ್ಲರಿಗಿಂತ ಜೋರಾಗಿ. ಎಸ್‌ಎಸ್‌ಎಲ್‌ಸಿಯಲ್ಲಿ ಅವನ ಅಂಕ ನನಗಿಂತ ಜಾಸ್ತಿ ಇದ್ದವು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಮೂರು ವಿಷಯ ಹೋದವು. "ಓದೂದು ನನ್ನ ತಲಿಗೆ ಹತ್ತೂದಿಲ್ಲೋ" ಅಂತ ಟ್ರಂಕು ಹೊತ್ತುಕೊಂಡು ಹೋದವನು ಮತ್ತೆ ಬರಲಿಲ್ಲ. ಈಗ ಊರಲ್ಲೇ ಒಕ್ಕಲುತನ. ನಸುಕಿನ ನಾಲ್ಕಕ್ಕೆ ಎದ್ದು ಹೊಲಕ್ಕೆ ನೀರು ಹಾಯಿಸುತ್ತಾನೆ. ಕುಂಭಕರ್ಣ!

ಅವನ ತಲೆಯಲ್ಲಿ ಏನೂ ಕೊರತೆ ಇರಲಿಲ್ಲ ಅನ್ನುವುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಎರಡು ಅಧ್ಯಯನಗಳ ಬಗ್ಗೆ ಓದಿದಾಗ.

ಒಂದು ಡೆನ್ಮಾರ್ಕಿನದು, 2016ರಲ್ಲಿ ಪ್ರಕಟವಾದದ್ದು. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದವರು ವಿದ್ಯಾರ್ಥಿ ನಿಲಯದ ಖೋಲಿಗಳಲ್ಲಿ ಪ್ರಯೋಗ ಮಾಡಿದರು. ಒಂದು ಖೋಲಿಗೆ ಒಬ್ಬನೇ, ಗಮನಿಸಿ. ಒಂದು ವಾರ ಗಾಳಿ ಆಡದ ಹಾಗೆ, ಒಂದು ವಾರ ಸದ್ದಿಲ್ಲದ ಸಣ್ಣ ಫ್ಯಾನಿನಿಂದ ಹೊರಗಿನ ಗಾಳಿ ಬರುವ ಹಾಗೆ. ಇಂಗಾಲದ ಡೈಆಕ್ಸೈಡ್ ಮೊದಲಿನದರಲ್ಲಿ ಸುಮಾರು 2,400, ಎರಡನೆಯದರಲ್ಲಿ 835. ಗಾಳಿ ಆಡಿದ ವಾರದಲ್ಲಿ ಹುಡುಗರು ಚೆನ್ನಾಗಿ ನಿದ್ದೆ ಮಾಡಿದರು. ಮರುದಿನ ತೂಕಡಿಕೆ ಕಡಿಮೆ, ತರ್ಕದ ಪರೀಕ್ಷೆಯಲ್ಲಿ ಅಂಕವೂ ಮೇಲು. ಹುಡುಗರು ಅವರೇ, ಬದಲಾದದ್ದು ಗಾಳಿ.

ಇನ್ನೊಂದು ಅಮೆರಿಕದ ಬಾಸ್ಟನ್ನಿನದು. 2016ರ ಬೇಸಿಗೆಯಲ್ಲಿ ಅಲ್ಲಿ ಬಿಸಿಗಾಳಿ ಬೀಸಿದಾಗ ಹಾರ್ವರ್ಡಿನವರು 44 ವಿದ್ಯಾರ್ಥಿಗಳನ್ನು 12 ದಿನ ಗಮನಿಸಿದರು. ಕೆಲವರು ಏಸಿ ಇದ್ದ ನಿಲಯದವರು, ಕೆಲವರು ಇಲ್ಲದ ನಿಲಯದವರು. ದಿನಾ ಎದ್ದ ಕೂಡಲೇ ಮೊಬೈಲಿನಲ್ಲಿ ಸಣ್ಣ ಪರೀಕ್ಷೆ. ಏಸಿ ಇಲ್ಲದವರು ಉತ್ತರಿಸುವುದು ಸುಮಾರು ಶೇಕಡಾ 13ರಷ್ಟು ನಿಧಾನವಾಗಿತ್ತು. ಹೊರಗೆ ತಂಪಾದ ಮೇಲೂ ಕಟ್ಟಡದ ಒಳಗಿನ ಕಾವು ಇಳಿದಿರಲಿಲ್ಲ. ಇದು 2018ರಲ್ಲಿ ಪ್ರಕಟವಾಯಿತು. ಅಂದ ಹಾಗೆ, ಏಸಿ ಇಲ್ಲದ ಆ 'ಬಿಸಿ' ಖೋಲಿಗಳ ಸರಾಸರಿ ಉಷ್ಣಾಂಶ ಎಷ್ಟು ಗೊತ್ತೇ? 26 ಡಿಗ್ರಿ! ನಮ್ಮಲ್ಲಿ 26 ಡಿಗ್ರಿ ಅಂದರೆ ಕೌದಿ ಹುಡುಕುತ್ತೇವೆ. ಆ ಹುಡುಗರು ತಂಪು ದೇಶದವರು, ನಮ್ಮ ಮೈ ಬಿಸಿಲಿಗೆ ಪಳಗಿದೆ, ಹೋಲಿಕೆ ಪೂರ್ತಿ ಸರಿಯಲ್ಲ ಅನ್ನಬಹುದು. ಒಪ್ಪುತ್ತೇನೆ. ಆದರೆ ನಡುರಾತ್ರಿ 37 ಡಿಗ್ರಿಗೂ ಪಳಗುವ ಮೈ ಯಾವುದಪ್ಪ?

ಬಿಸಿಲಿಗೆ ಮನುಷ್ಯ ಕೆಲಸ ಮಾಡಲಾರ ಅನ್ನುವುದು ಸರಕಾರಕ್ಕೆ ಗೊತ್ತಿಲ್ಲ ಅಂತಲ್ಲ. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಜೊತೆಗೆ ನಮ್ಮ ಬೆಳಗಾವಿ ವಿಭಾಗದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸರಕಾರಿ ಕಚೇರಿಗಳ ವೇಳೆ ಬದಲಾಗುವುದು ನಮಗೆಲ್ಲ ರೂಢಿ. 2025ರ ಏಪ್ರಿಲ್, ಮೇ ತಿಂಗಳಲ್ಲೂ ಮುಂಜಾನೆ 8ರಿಂದ ಮಧ್ಯಾಹ್ನ 1:30 ಅಂತ ಆಯಿತು. ಒಳ್ಳೆಯ ಕೆಲಸ, ನನ್ನ ತಕರಾರಿಲ್ಲ. ನೌಕರರಿಗೆ ಮಧ್ಯಾಹ್ನ ಮನೆ ಇದೆ. ಸಿಇಟಿ, ನೀಟ್ ಕೂಡ ಹೆಚ್ಚುಕಡಿಮೆ ಇದೇ ಏಪ್ರಿಲ್-ಮೇ ತಿಂಗಳಲ್ಲೇ ಬರುತ್ತವೆ. ಹುಡುಗರು ಅದೇ ಬಿಸಿಲಿನಲ್ಲಿ ಅದೇ ಸ್ಲ್ಯಾಬಿನ ಕೆಳಗೆ ಕೂತು ಓದುತ್ತಾರೆ. ಅದೇ ಪರೀಕ್ಷೆಯನ್ನು ಬೆಂಗಳೂರಿನ ತಂಪಿನಲ್ಲಿ ಮಲಗಿ ಎದ್ದವನೂ ಬರೆಯುತ್ತಾನೆ, ರ‍್ಯಾಂಕು ಒಂದೇ ಪಟ್ಟಿಯಲ್ಲಿ ಬರುತ್ತದೆ. ಉತ್ತರ ಕರ್ನಾಟಕದವರು ಹಿಂದೆ ಬಿದ್ದಿದ್ದಾರೆ ಅಂತ ಅಂಕಿ ಹಿಡಿದು ಮಾತಾಡುವವರು ಮಲಗುವ ಖೋಲಿಯ ಉಷ್ಣಾಂಶವನ್ನು ಒಮ್ಮೆಯಾದರೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆಯೇ?

ಹಾಸ್ಟೆಲ್ಲುಗಳನ್ನು ಬೈಯುವುದು ನನ್ನ ಉದ್ದೇಶ ಅಲ್ಲ. ನಮ್ಮ ಕಡೆ ಮಠಗಳ ಪ್ರಸಾದ ನಿಲಯಗಳಿಲ್ಲದಿದ್ದರೆ, ದೇವರಾಜ ಅರಸು ಕಾಲದಿಂದ ಬೆಳೆದ ಹಿಂದುಳಿದ ವರ್ಗಗಳ ಹಾಸ್ಟೆಲ್ಲುಗಳಿಲ್ಲದಿದ್ದರೆ, ಸಮಾಜ ಕಲ್ಯಾಣದ ಹಾಸ್ಟೆಲ್ಲುಗಳಿಲ್ಲದಿದ್ದರೆ ನನ್ನಂಥ ಎಷ್ಟು ಜನ ಕೀಬೋರ್ಡು ಮುಟ್ಟುತ್ತಿದ್ದೆವು? ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ಲಿನಲ್ಲಿ ಇದ್ದ ಹುಡುಗನೇ ಕವಿ ಸಿದ್ಧಲಿಂಗಯ್ಯ ಆದದ್ದು, 'ಊರು ಕೇರಿ' ಓದಿದವರಿಗೆ ಗೊತ್ತು. ಹಾಸ್ಟೆಲ್ಲು ಸಿಗದವರಿಗಾಗಿ 2013ರಲ್ಲಿ ವಿದ್ಯಾಸಿರಿ ಬಂತು, ಆಗ ತಿಂಗಳಿಗೆ 1,500 ರೂಪಾಯಿ ಇತ್ತು. ಆ ದುಡ್ಡಿಗೆ ಪಟ್ಟಣದಲ್ಲಿ ಸಿಗುವ ಖೋಲಿ ಎಂಥದ್ದು? ಮೂರನೇ ಮಹಡಿಯ ಮೇಲೆ ಪತ್ರಾಸು ಹೊದಿಸಿದ್ದು. ಮತ್ತೆ ಅದೇ ಪತ್ರಾಸು.

ನನ್ನ ತಕರಾರು ಒಂದೇ. ಹಾಸ್ಟೆಲ್ಲು ಅಂದರೆ ಅನ್ನ ಮತ್ತು ಸೂರು ಅಂತ ನಾವು ಲೆಕ್ಕ ಹಾಕಿದ್ದೇವೆ. ಅನ್ನದ ಬಗ್ಗೆ ಜಗಳ ಮಾಡುತ್ತೇವೆ, ಮಾಡಲೇಬೇಕು. ಸಾರಿನಲ್ಲಿ ಹುಳ ಬಿದ್ದರೆ ಪೇಪರಿನಲ್ಲಿ ಬರುತ್ತದೆ. ಶೌಚಾಲಯ ಇಲ್ಲದಿದ್ದರೆ ಧರಣಿ ಆಗುತ್ತದೆ. ಗಾಳಿ ಇಲ್ಲ ಅಂತ ಯಾವ ಹುಡುಗರಾದರೂ ರಸ್ತೆಗೆ ಇಳಿದದ್ದನ್ನು ನಾನಂತೂ ಕೇಳಿಲ್ಲ. ಗಾಳಿ ಕಣ್ಣಿಗೆ ಕಾಣುವುದಿಲ್ಲ, ಅದರ ಕೊರತೆ ಹುಡುಗನ ಸೋಮಾರಿತನದ ಹಾಗೆ ಕಾಣುತ್ತದೆ. ಬೈಗುಳ ಹುಡುಗನಿಗೆ ಬೀಳುತ್ತದೆ. ನಮ್ಮಕ್ಕ ಕೂಡ ಹಾಗೇ ಅಂದುಕೊಂಡಿದ್ದಳಲ್ಲ, ಕಳ್ಳಾಟ ಅಂತ. ತಪಾಸಣೆಗೆ ಬರುವವರು ಹಗಲು ಹನ್ನೊಂದಕ್ಕೆ ಬರುತ್ತಾರೆ. ಹುಡುಗರು ಕಾಲೇಜಿಗೆ ಹೋಗಿರುತ್ತಾರೆ, ಬಾಗಿಲು ತೆರೆದಿರುತ್ತದೆ, ಖೋಲಿ ಸ್ವಚ್ಛವಾಗಿರುತ್ತದೆ. ಕಾಟು ಎಣಿಸುತ್ತಾರೆ, ರಿಜಿಸ್ಟರು ನೋಡುತ್ತಾರೆ, ಪಲ್ಯದ ರುಚಿ ನೋಡುತ್ತಾರೆ. ರಾತ್ರಿ ಹನ್ನೊಂದಕ್ಕೆ ಬಂದು ಮೇಲಿನ ಕಾಟಿನ ಮೇಲೆ ಹತ್ತು ನಿಮಿಷ ಮಲಗಿ ನೋಡಲಿ ಸ್ವಾಮಿ!

ನಿಯಮ ಇಲ್ಲವೇ ಅಂದರೆ ಇದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ನಮ್ಮಂಥ ಒಣ ಬಿಸಿ ಹವೆಯ ಊರುಗಳಲ್ಲಿ ವಾಸದ ಖೋಲಿಯ ಕಿಟಕಿ, ಗವಾಕ್ಷಿಗಳೆಲ್ಲ ಸೇರಿ ನೆಲದ ವಿಸ್ತೀರ್ಣದ ಹತ್ತನೇ ಒಂದು ಭಾಗ ಇರಬೇಕು, ಬಾಗಿಲು ಬಿಟ್ಟು. ಅಳಿಯನ ಖೋಲಿ 300 ಚದರ ಅಡಿ, ಅಂದರೆ 30 ಚದರ ಅಡಿ ಕಿಟಕಿ ಬೇಕು. ಮೂರು ನಾಲ್ಕರ ಎರಡು ಕಿಟಕಿ, 24 ಆಯಿತು. ಇಷ್ಟಕ್ಕೆ ನಾನು ಜಗಳ ತೆಗೆಯುವುದಿಲ್ಲ. ಆದರೆ ಒಂದಕ್ಕೆ ಟ್ರಂಕು, ಒಂದಕ್ಕೆ ಸ್ಕ್ರೂ. 24 ಹೋಗಿ ಸೊನ್ನೆ. ನಕ್ಷೆಯಲ್ಲಿ ಕಿಟಕಿ ಇದ್ದರೆ ಸಾಲದು, ಅದು ತೆರೆಯಬೇಕು ಅಂತ ನಿಯಮದಲ್ಲಿ ಯಾರು ಬರೆಯಬೇಕು?

ವಾರ್ಡನ್ನರನ್ನೂ ಅವತ್ತು ಕಂಡಿದ್ದೆ. ಒಳ್ಳೆಯ ಮನುಷ್ಯ. ಕಿಟಕಿಯ ಮಾತೆತ್ತಿದ ಕೂಡಲೇ, "ನಾನೂ ಇದ ಬಿಲ್ಡಿಂಗಿನ್ಯಾಗ ಮಲಗ್ತೀನ್ರಿ ಸರ್, ನನಗ ಗೊತ್ತಿಲ್ಲೇನ್ರಿ?" ಅಂದರು. ಹೋದ ವರ್ಷ ಕಿಟಕಿಯಿಂದ ಕೈ ಹಾಕಿ ಯಾರೋ ಒಂದು ಮೊಬೈಲು ಎತ್ತಿದ್ದರಂತೆ. ಅದಕ್ಕೆ ಸ್ಕ್ರೂ. ಹಗಲು ಮಂಗ್ಯಾನ ಕಾಟ ಬೇರೆ. (ಹನುಮಪ್ಪನ ಊರಿನವನಾದ ನಾನು ಇದಕ್ಕೆ ಏನೂ ಹೇಳಲಾರೆ.) ಕಟ್ಟಡ ಬಾಡಿಗೆಯದು. "ಮಾಲಕರು ಒಂದ್ ಮಳಿ ಸುದ್ದಾ ಹೊಡ್ಯಾಕ ಬಿಡಾಂಗಿಲ್ರಿ, ಜಾಳಗಿ ಎಲ್ಲಿಂದ ಕೂಡಸ್ಲಿ?" ಮಾಳಿಗೆ ಮೇಲೆ ಮಲಗಲು ಬಿಡಬಾರದೇ ಅಂದರೆ ಕೈ ಮುಗಿದರು. "ಒಂದ್ ಹುಡುಗ ಕೆಳಗ ಬಿದ್ದ ಅಂದ್ರ ನನ್ನ ನೌಕರಿ ಹೋಗ್ತೈತ್ರಿ. ಕುದ್ಯಾಗ ಮಲಗಿದ್ರ ಯಾರೂ ಸಾಯಾಂಗಿಲ್ಲ." ಅವರ ಮಾತು ಸುಳ್ಳಲ್ಲ. ಬಿದ್ದರೆ ಕೇಸಾಗುತ್ತದೆ. ನಿದ್ದೆಗೆಟ್ಟು ಮೂರು ವಿಷಯ ಹೋದರೆ ಯಾರ ಮೇಲೂ ಕೇಸಿಲ್ಲ.

ಹುಡುಗರಿಗೆ ಕೊನೆಗೆ ಪಡಸಾಲೆಯಾದರೂ ಇದೆ. ತಡೆಯಲಾಗದಿದ್ದರೆ ಚಾಪೆ ಎತ್ತಿಕೊಂಡು ಹೊರಗೆ ಬಂದು ಮಲಗುತ್ತಾರೆ, ಬೈದರೆ ಬೈಸಿಕೊಳ್ಳುತ್ತಾರೆ. ಅಕ್ಕನ ದೊಡ್ಡ ಮಗಳು ಡಿಗ್ರಿ ಓದುವಾಗ ಇದ್ದ ಹಾಸ್ಟೆಲ್ಲಿನಲ್ಲಿ ಕಿಟಕಿ ಗಾಜಿಗೆ ಪೂರ್ತಿ ನೀಲಿ ಬಣ್ಣ ಬಳಿದಿದ್ದರು. ತೆರೆದರೆ ಹೊರಗಿನವರು ನೋಡುತ್ತಾರೆ. ಮಾಳಿಗೆಗೆ ಬೀಗ. ಪಡಸಾಲೆಯ ಗ್ರಿಲ್ಲಿಗೂ ಎಂಟು ಗಂಟೆಗೇ ಬೀಗ. ಒಳಗೂ ಮೈತುಂಬ ಬಟ್ಟೆ ಹಾಕಿಕೊಂಡೇ ಮಲಗಬೇಕು, ಯಾರು ಯಾವಾಗ ಬರುತ್ತಾರೋ. ಮುಟ್ಟಿನ ದಿನಗಳಲ್ಲಿ ಆ ಖೋಲಿ ಹೇಗಿರುತ್ತದೆ ಅಂತ ಅವಳು ತನ್ನ ತಾಯಿಗೆ ಹೇಳಿ ಅತ್ತದ್ದನ್ನು ನಾನು ಆಚೆ ಕೂತು ಕೇಳಿಸಿಕೊಂಡಿದ್ದೆ. ಭದ್ರತೆ ಅಂತ ಒಂದು ಮಾತು ಹೇಳಿಬಿಟ್ಟರೆ ಎಷ್ಟು ಕಿಟಕಿ ಬೇಕಾದರೂ ಮುಚ್ಚಬಹುದು. ಒಳಗಿನಿಂದ ಹೊರಗೆ ಕಂಡು, ಹೊರಗಿನಿಂದ ಒಳಗೆ ಕಾಣದ ಜಾಲಿಯನ್ನು ನಮ್ಮ ಬಿಸಿಲು ಸೀಮೆಯ ಗುಡಿಗಳಲ್ಲಿ ಸಾವಿರ ವರ್ಷದ ಹಿಂದೆಯೇ ಕಲ್ಲಿನಲ್ಲಿ ಕಡೆದಿದ್ದಾರೆ. ಬೇಕಾದರೆ ಐಹೊಳೆ, ಪಟ್ಟದಕಲ್ಲಿಗೆ ಹೋಗಿ ನೋಡಿ, ದೂರವೇನಿಲ್ಲ.

ನಾವು ಮರೆತದ್ದು ಅದನ್ನೊಂದೇ ಅಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಮಾಳಿಗೆ ಮನೆಗಳು ಹೋದವು, ನವನಗರ ಎದ್ದಿತು, ಎಲ್ಲ ಕಾಂಕ್ರೀಟು. ಬೇಡ ಅನ್ನುತ್ತಿಲ್ಲ, ಮಣ್ಣಿನ ಮಾಳಿಗೆಯ ಸೋರಿಕೆ ಉಂಡವನು ನಾನು. ಪ್ರತಿ ಮಳೆಗಾಲಕ್ಕೆ ಮುಂಚೆ ಮಣ್ಣು ಹೊತ್ತು ಹೆಗಲು ಬಿದ್ದಿದೆ. ಆದರೆ ಕಾಂಕ್ರೀಟಿನ ಮೇಲೆ ಸುಣ್ಣ ಬಳಿಯಲು ಏನು ಧಾಡಿ? ಬಿಳಿಯ ತಾರಸಿ ಬಿಸಿಲಿನ ಬಹುಪಾಲನ್ನು ವಾಪಸ್ಸು ಎಸೆಯುತ್ತದೆ, ಒಳಗಿನ ಸೂರು ಕೆಲವು ಡಿಗ್ರಿಯಾದರೂ ಇಳಿಯುತ್ತದೆ. ಸುಣ್ಣಕ್ಕೆ ಒಂದಿಷ್ಟು ಫೆವಿಕಾಲ್ ಕಲಸಿ ಬಳಿದರೆ ಒಂದು ಬೇಸಿಗೆ ದಾಟುತ್ತದೆ. ನಮ್ಮ ನೆರೆಯ ತೆಲಂಗಾಣ 2023ರಲ್ಲಿ ಇದಕ್ಕೆ ಅಂತಲೇ ತಂಪು ತಾರಸಿ ನೀತಿ ತಂದಿತು. ನಮ್ಮ ಹಾಸ್ಟೆಲ್ಲುಗಳಲ್ಲಿ ಗೋಡೆಗೆ ಬಣ್ಣ ಬಳಿಸುವ ದುಡ್ಡಿದೆ, ಗೇಟಿಗೆ ಬಣ್ಣದ ದುಡ್ಡಿದೆ, ಯಾಕೆಂದರೆ ಅವು ಕಾಣುತ್ತವೆ. ಮಾಳಿಗೆಯ ಮೇಲೆ ಹತ್ತಿ ಯಾರು ನೋಡುತ್ತಾರೆ?

ಏಸಿ ಕೇಳುತ್ತಿಲ್ಲ ನಾನು. ಮಾರ್ಚ್ ಬರುವುದರೊಳಗೆ ತಾರಸಿಗೆ ಸುಣ್ಣ, ಎಲ್ಲ ಕಿಟಕಿಗೂ ಸೊಳ್ಳೆ ಜಾಳಗಿ, ಕಳ್ಳನ ಕೈ ಬಾರದ ಹಾಗೆ ಸರಳು, ಸೂರಿನ ಹತ್ತಿರ ಬಿಸಿ ಗಾಳಿ ಹೊರದಬ್ಬುವ ಒಂದು ಫ್ಯಾನು. ಇಷ್ಟನ್ನು ಮಾಡದ ಕಟ್ಟಡಕ್ಕೆ ಬಾಡಿಗೆ ಕೊಡುವುದಿಲ್ಲ ಅಂತ ಕರಾರಿನಲ್ಲೇ ಒಂದು ಸಾಲು ಬರೆದರೆ ಮಾಲಕರು ತಾವಾಗಿಯೇ ಮೊಳೆ ಹೊಡೆಯುತ್ತಾರೆ. ಕಾಟು ಎಷ್ಟು ಹಿಡಿಯುತ್ತವೆ ಅಂತ ನೆಲ ನೋಡಿ ಲೆಕ್ಕ ಹಾಕುವುದನ್ನೂ ಬಿಡಬೇಕು. ಡಬ್ಬಲ್ ಕಾಟು ಹಾಕಿದರೆ ನೆಲ ಉಳಿಯುತ್ತದೆ, ಗಾಳಿ ಡಬ್ಬಲ್ ಆಗುವುದಿಲ್ಲ. ಸೀಟು ಕಡಿಮೆ ಮಾಡಿದರೆ ಯಾವನೋ ಬಡ ಹುಡುಗನ ಓದೇ ನಿಲ್ಲುತ್ತದಲ್ಲ ಅನ್ನುತ್ತೀರಿ. ಇದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಇನ್ನೊಂದು ಖೋಲಿ ಬಾಡಿಗೆಗೆ ಹಿಡಿಯಿರಿ ಅಂತಷ್ಟೇ ಹೇಳಬಲ್ಲೆ. ಸೀಟು ಸಿಕ್ಕು, ನಿದ್ದೆ ಸಿಗದೆ, ತನ್ನ ತಲೆಯೇ ಸರಿಯಿಲ್ಲ ಅಂದುಕೊಂಡು ಟ್ರಂಕು ಹೊತ್ತು ಹೋದವನ ಓದೂ ನಿಂತಿತಲ್ಲ.

ಬೆಂಗಳೂರಿಗೆ ಬಂದ ಮೇಲೆ ಅಳಿಯನಿಗೆ ಒಂದು ಪಾರ್ಸೆಲ್ ಕಳಿಸಿದೆ. ಅಂಟಿಸುವ ಪಟ್ಟಿ ಇರುವ ಸೊಳ್ಳೆ ಜಾಳಗಿ, ಒಂದು ಸ್ಕ್ರೂ ಡ್ರೈವರು, ಆ ಉಷ್ಣಮಾಪಕ. ಮೊಳೆ ಹೊಡೆಯುವ ಹಂಗಿಲ್ಲ, ಮಾಲಕರು ಬೈಯುವ ಹಾಗಿಲ್ಲ. ವಾರ್ಡನ್ನರಿಗೆ ಫೋನು ಮಾಡಿ ಹೇಳಿದ್ದೆ. "ನಾ ನೋಡಿಲ್ರಿ ಸರ್" ಅಂದರು, ನಗುತ್ತಲೇ. ಅಂದರೆ ಒಪ್ಪಿಗೆ ಅಂತ ತಿಳಿದುಕೊಂಡೆ :)

ಎಂಟು ದಿನದ ಮೇಲೆ ಅಳಿಯನ ಫೋನು. ಸ್ಕ್ರೂ ತೆಗೆದು ಜಾಳಗಿ ಅಂಟಿಸಿದ್ದಾರೆ. ಕಾಯಿಲ್ಲು ಹಚ್ಚುವುದು ಬಿಟ್ಟಿದ್ದಾರೆ. ಟ್ರಂಕು ಇಟ್ಟ ಇನ್ನೊಂದು ಕಿಟಕಿ ಹಾಗೇ ಇದೆ, ಅಲ್ಲಿನ ಕಾಟು ಸರಿಸಿದರೆ ಬಾಗಿಲು ತೆರೆಯುವುದಿಲ್ಲವಂತೆ.

"ತಲಿನೋವು ಹೆಂಗೈತೋ?"

"ಕಡಿಮಿ ಐತ್ರಿ ಮಾಮಾ. ಆದ್ರ ಒಂದ್ ಫಜೀತಿ ಆಗೈತ್ರಿ. ಕಿಡಕಿ ಬಗಲಿನ ಕಾಟಿಗೆ ದಿನಾ ಜಗಳ ಹತ್ತೈತ್ರಿ. ನಿನ್ನೆ ಚೀಟಿ ಎತ್ತಿದ್ವಿ."

"ನಿನಗ ಬಂತೇನು?"

"ಇಲ್ರಿ. ಶುಕ್ರವಾರ ನನ್ನ ಪಾಳಿ."